ಗುಮ್ಮಟದ ನೆರಳಿನಿಂದ ದ್ರಾಕ್ಷಿಯ ತೋಟಕ್ಕೆ

ವಿಜಯಪುರಕ್ಕೆ ಬಂದ ಪ್ರವಾಸಿಯು ಮೊದಲು ಅರಸುವುದು ಗೋಳಗುಮ್ಮಟವನ್ನೇ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಈ ಸಮಾಧಿಯಲ್ಲಿ, ಮೇಲಿನ ಮೊಗಸಾಲೆಯ ಒಂದು ಬದಿಯಲ್ಲಿ ಪಿಸುಗುಟ್ಟಿದ ಮಾತು ಎದುರು ಬದಿಯವರ ಕಿವಿಗೆ ಮುಟ್ಟುತ್ತದೆ. ನಡುವೆ ತಂತಿಯಿಲ್ಲ, ದೂತನಿಲ್ಲ.

ಇಲ್ಲಿನ ಕಟ್ಟಡಗಳ ಛಾಯಾಚಿತ್ರಗಳು 1866ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದದ್ದು ದೂರದ ಲಂಡನ್ನಿನಲ್ಲಿ. ಚಿತ್ರವು ಜನರನ್ನು ಮುಟ್ಟಲು ಅಂದು ಕಡಲನ್ನೇ ದಾಟಬೇಕಿತ್ತು. ಇಂದು ಅದೇ ಅಂಗಳದಲ್ಲಿ ಕ್ಯಾಮೆರಾವೇ ಒಂದು ಪುಟ್ಟ ವೈಫೈ ಜಾಲವನ್ನು ಹರಡುತ್ತದೆ. ಮೊಬೈಲು ಗುಪ್ತಪದವನ್ನೊಪ್ಪಿಸಿ ಅದರೊಳಗೆ ಪ್ರವೇಶಿಸಿ ಚಿತ್ರವನ್ನು ಪಡೆಯುತ್ತದೆ. ಅಷ್ಟರ ಮಟ್ಟಿಗೆ ಅಂತರ್ಜಾಲದ ಹಂಗೂ ಇಲ್ಲ.

ನಗರದ ಪಶ್ಚಿಮಕ್ಕೆ ತಿಕೋಟಾ, ನೈಋತ್ಯಕ್ಕೆ ಬಬಲೇಶ್ವರ. ಎರಡೂ ದ್ರಾಕ್ಷಿಯ ಸೀಮೆ. ಇಲ್ಲಿ ಈ ಸೌಕರ್ಯವು ಬರಿಯ ವಿನೋದವಲ್ಲ. ತೇವದ ಹವೆಯಲ್ಲಿ ದವಣಿ ರೋಗ ಕಾಲಿಟ್ಟಿತೆಂದರೆ ಎಲೆಯ ಮೇಲೆ ಹಳದಿ ಕಲೆ, ಅಡಿಯಲ್ಲಿ ಬಿಳಿಯ ಬೂಷ್ಟು. ಗುರುತಿಸುವುದು ತಡವಾದರೆ ವರ್ಷದ ದುಡಿಮೆಯೇ ಮಣ್ಣುಪಾಲು. ಒಳ್ಳೆಯ ಮಸೂರದ ಕ್ಯಾಮೆರಾದಲ್ಲಿ ಹತ್ತಿರದಿಂದ ತೆಗೆದ ಎಲೆಯ ಚಿತ್ರವನ್ನು ತೋಟದಲ್ಲೇ ಮೊಬೈಲಿಗೆ ಇಳಿಸಿಕೊಂಡರೆ, ಸಂಪರ್ಕ ದೊರೆತೊಡನೆ ಅದು ತಜ್ಞರ ಕೈ ಸೇರುತ್ತದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಅನೇಕ ಕ್ಯಾಮೆರಾಗಳು ವೇಗದ ಆಸೆಗೆ ಚಿತ್ರವನ್ನು ಕಿರಿದುಗೊಳಿಸಿಯೇ ಕಳಿಸುತ್ತವೆ. ಮನೆಮಂದಿ ನೋಡುವ ಗುಮ್ಮಟದ ಚಿತ್ರಕ್ಕೆ ಅಷ್ಟು ಸಾಕು. ರೋಗದ ನವಿರಾದ ಗುರುತು ಕಾಣಬೇಕಾದರೆ ಪೂರ್ಣ ಗಾತ್ರವನ್ನೇ ಆರಿಸಬೇಕು. ನಾಲ್ಕು ಕ್ಷಣ ಹೆಚ್ಚು ಹಿಡಿದೀತು. ಅಷ್ಟರಲ್ಲಿ ಬಳ್ಳಿಯೇನೂ ಬಾಡದು.