ಮನ್ನಳ್ಳಿಯ ಗಾಯರಾಣದಲ್ಲಿ ಎರಡು ದಿನ

ಬೀದರ ಕೋಟೆಯನ್ನೂ ಮಹಮೂದ ಗವಾನನ ಮದರಸಾವನ್ನೂ ನೋಡಿ ಮರಳುವ ಪ್ರವಾಸಿಗರು ಈ ಜಿಲ್ಲೆಯ ನೆಲವನ್ನು ಗಮನಿಸುವುದು ಕಡಿಮೆ. ನಗರದ ಸುತ್ತ ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿ. ಭಾಲ್ಕಿ, ಔರಾದಗಳತ್ತ ಸಾಗಿದರೆ ಮಾಂಜ್ರಾ ಬಯಲಿನ ಎರೆಭೂಮಿ. ಮಳೆಗಾಲ ಮುಗಿಯುತ್ತ ಬಂದ ದಿನಗಳಲ್ಲಿ ನಾವು ಕೆಲವು ಶಿಕ್ಷಕರು ಇಬ್ಬರು ವಿಜ್ಞಾನಿಗಳ ಜೊತೆಗೂಡಿ, ಬೀದರ ತಾಲ್ಲೂಕಿನ ಮನ್ನಳ್ಳಿಯ ಸುತ್ತಣ ಗಾಯರಾಣದಲ್ಲಿ ಗಿಡ, ಹುಲ್ಲು, ಪ್ರಾಣಿಗಳ ಲೆಕ್ಕ ತೆಗೆಯುತ್ತ ಎರಡು ದಿನ ನಡೆದಾಡಿದೆವು.

ಶಿಕ್ಷಕರಿಗೂ ಈ ಕೆಲಸಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಪಶ್ಚಿಮ ಘಟ್ಟಗಳ ಜೀವವೈವಿಧ್ಯವನ್ನು ದಾಖಲಿಸಲು ಹೊರಟಾಗ ಆಯಾ ಸೀಮೆಯ ಕಾಲೇಜು ಅಧ್ಯಾಪಕರನ್ನೇ ಜೊತೆಗೆ ಕರೆದುಕೊಂಡರು. ಕಾರ್ಕಳ ತಾಲ್ಲೂಕಿನ ಮಾಳ ಗ್ರಾಮದ ದಾಖಲಾತಿ ಆ ಕಾಲದ ಫಲ. ಮುಂದೆ 2002ರ ಜೀವವೈವಿಧ್ಯ ಕಾಯ್ದೆ ಬಂದು, ಸ್ಥಳೀಯ ಸಮಿತಿ ಹಾಗೂ ಜನತಾ ದಾಖಲಾತಿ ಎಲ್ಲ ಪಂಚಾಯತಿಗಳ ಹೊಣೆಯಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವನ್ನೂ ಹಾಕಿತು. ಗಡುವಿಗಾಗಿ ಬರೆದುದಕ್ಕೂ ನಡೆದು ನೋಡಿ ಬರೆದುದಕ್ಕೂ ಅಂತರ ಬಹಳ.

ವಿಧಾನ ಸರಳ. ಹಗ್ಗದಿಂದ ಒಂದು ಮೀಟರಿನ ಚೌಕ ಹಾಕಿ, ಅದರೊಳಗಿನ ಪ್ರತಿ ಸಸ್ಯವನ್ನೂ ಎಣಿಸಬೇಕು. ದೂರದಿಂದ ಒಂದೇ ಹಸಿರಾಗಿ ಕಂಡ ನೆಲದಲ್ಲಿ ತುಂಬೆ, ಉತ್ತರಾಣಿ, ಹೆಸರೇ ತಿಳಿಯದ ಹುಲ್ಲುಗಳು ಒಂದೊಂದಾಗಿ ಮೇಲೆದ್ದು ಬಂದವು. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ನಕ್ಕು, "ಹುಲ್ಲಿಗೂ ಹಾಜರಿ ಹಾಕ್ತೀರೇನ್ರಿ ಮಾಸ್ತರೇ?" ಎಂದರು. ಆದರೆ ಯಾವುದನ್ನು ಕುರಿ ಮೊದಲು ಮೇಯುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಎಂಬುದನ್ನು ಹೇಳಿಕೊಟ್ಟವರೂ ಅವರೇ.

ತಂಗಡಿ ಪೊದೆಗಳ ಆಚೆ ಒಂದೇ ಜಾಗದಲ್ಲಿ ರಾಶಿಬಿದ್ದ ಹಿಕ್ಕೆ ಕಂಡಿತು. ಗಂಡು ಕೃಷ್ಣಮೃಗ, ನಮ್ಮವರ ಮಾತಿನ ಚಿಗರಿ, ತನ್ನ ಎಲ್ಲೆಯನ್ನು ಹೀಗೆ ಗುರುತಿಸುತ್ತದಂತೆ. ಇದು ನಮಗೆ ಸಂಭ್ರಮ. ಪಕ್ಕದ ಹೊಲದ ರೈತನಿಗಲ್ಲ. "ನನ್ನ ಕಡಲೆ ತಿನ್ನುವಾಗ ನಿಮ್ಮ ಕಾಗದ ಎಲ್ಲಿರ್ತದ್ರಿ?" ಎಂದು ಆತ ಕೇಳಿದ. ಅದನ್ನೂ ಬರೆದುಕೊಂಡೆವು. ಇಂಥ ಹುಲ್ಲುನೆಲವನ್ನು 'ಬೀಳು' ಎಂದು ಕರೆದು ಗಿಡ ನೆಡುವ ಉತ್ಸಾಹವೂ ಅಪಾಯವೇ. ಕೃಷ್ಣಮೃಗಕ್ಕೆಂದೇ 1974ರಲ್ಲಿ ಅಭಯಾರಣ್ಯವಾದ ರಾಣೇಬೆನ್ನೂರಿನಲ್ಲಿ ನೀಲಗಿರಿ ತೋಪುಗಳು ಬಯಲನ್ನು ನುಂಗಿದವು. ಬಯಲಿನ ಪ್ರಾಣಿಗೆ ನೆರಳಿಗಿಂತ ದೂರದ ನೋಟ ಮುಖ್ಯ.

ಎರಡನೆಯ ದಿನ ಊರಿನ ಅಜ್ಜಿಯೊಬ್ಬರ ಕಟ್ಟೆಯ ಮೇಲೆ ಕುಳಿತೆವು. ಬಾಣಂತಿಗೆ, ದನಕ್ಕೆ, ಮಕ್ಕಳ ಕೆಮ್ಮಿಗೆ ಬಳಸುವ ಬೇರು-ತೊಗಟೆಗಳನ್ನು ಅವರು ಒಂದರ ಹಿಂದೊಂದು ಹೇಳುತ್ತ ಹೋದರು. ಒಂದು ಬೇರಿನ ಹತ್ತಿರ ತಡೆದು, "ಇದನ್ನು ಬರಕೊಂಡು ಔಷಧಿ ಕಂಪನಿಗೆ ಕೊಡ್ತೀರೇನಪ್ಪಾ?" ಎಂದರು. ವಾಣಿಜ್ಯಕ್ಕಾಗಿ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರ ಊರಿನ ಸಮಿತಿಗಿದೆ ಎಂದು ವಿಜ್ಞಾನಿಗಳು ಕಾಯ್ದೆಯನ್ನು ವಿವರಿಸಿದರು. ಅಜ್ಜಿ ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

"ಗಿಡದ ಹೆಸರು ಬರಕೋರಿ. ಮದ್ದು ನನ್ನ ಸೊಸೆಗೆ ಹೇಳೀನಿ, ಅಷ್ಟು ಸಾಕು" ಎಂದರು.

ನಮೂನೆಯಲ್ಲಿ ಗಿಡದ ಹೆಸರು, ಸ್ಥಳ, ತಿಂಗಳು ಬರೆದು, 'ಉಪಯೋಗ' ಎಂಬ ಅಂಕಣವನ್ನು ಖಾಲಿ ಬಿಟ್ಟೆವು.