ಸೇನೆ ಬಿಟ್ಟ ಲಾರಿ, ಸೊರಬದ ಹಾದಿ

ಶಿವಮೊಗ್ಗೆಯಿಂದ ವಾಯವ್ಯ ದಿಕ್ಕಿಗೆ ಹೊರಟ ಪ್ರಯಾಣಿಕನು ಶಿಕಾರಿಪುರವನ್ನು ಮುಟ್ಟುವ ಹೊತ್ತಿಗೆ ಬಯಲುಸೀಮೆಯೂ ಮಲೆನಾಡೂ ಒಂದೇ ಹೊಸ್ತಿಲಲ್ಲಿ ನಿಂತಿರುವುದನ್ನು ಕಾಣುತ್ತಾನೆ. ಒಂದು ಕಡೆ ಮೆಕ್ಕೆಜೋಳದ ಹೊಲ. ಇನ್ನೊಂದು ಕಡೆ ಕೆರೆಯ ಕೆಳಗಿನ ಗದ್ದೆ, ಅದರಾಚೆ ಅಡಿಕೆಯ ತೋಟ. ತಾಲ್ಲೂಕಿನ ನೆಲಕ್ಕೆ ಕುಮುದ್ವತಿಯ ನೀರು, ಅಂಜನಾಪುರದ ಜಲಾಶಯದ ಆಸರೆ. ಊರಿನ ಅಧಿದೈವ ಹುಚ್ಚರಾಯಸ್ವಾಮಿ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಎಂದು ಭಕ್ತರು ಒಟ್ಟಿಗೆ ನೆನೆಯುವ ಮೂವರು ಹನುಮರಲ್ಲಿ ಈತನೂ ಒಬ್ಬ.

ಅಲ್ಲಿಂದ ಶಿರಾಳಕೊಪ್ಪದತ್ತ ಸಾಗಿದರೆ ಬಳ್ಳಿಗಾವಿಯ ಕೇದಾರೇಶ್ವರ, ಹತ್ತಿರದಲ್ಲಿಯೇ ತಾಳಗುಂದದ ಪ್ರಣವೇಶ್ವರ. ತಾಳಗುಂದದ ಕಂಬದ ಮೇಲಿನ ಕದಂಬರ ಶಾಸನವು ಒಂದು ಜಗಳವನ್ನು ಹೇಳುತ್ತದೆ. ವಿದ್ಯೆಗಾಗಿ ಕಂಚಿಗೆ ಹೋದ ಮಯೂರಶರ್ಮನಿಗೂ ಪಲ್ಲವರ ಕುದುರೆ ಸವಾರನಿಗೂ ಕಲಹವಾಯಿತು. ಆ ಅವಮಾನದ ಕಿಡಿಯಿಂದಲೇ ಒಂದು ರಾಜವಂಶ ಹುಟ್ಟಿತು. ಯುದ್ಧದ ವಾಹನವನ್ನೇರಿದವನೂ ಸಾಮಾನ್ಯ ಪ್ರಜೆಯೂ ಎದುರುಬದುರಾದಾಗ ಯಾರು ಯಾವ ನಿಯಮಕ್ಕೆ ತಲೆಬಾಗಬೇಕೆಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಕುದುರೆಯ ಸ್ಥಾನಕ್ಕೆ ಈಗ ಲಾರಿ ಬಂದಿದೆ, ಅಷ್ಟೆ.

ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದಾಗ ಭಾರತದಲ್ಲಿ ಸೇನೆಗೆ ಬೇಡವಾದ ಮೋಟಾರುಗಳು ರಾಶಿರಾಶಿಯಾಗಿ ಉಳಿದವು. ಅಮೆರಿಕದಲ್ಲಿ 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಎರಡೂವರೆ ಟನ್ನಿನ ಜಿ.ಎಂ.ಸಿ. ಲಾರಿಗಳು, ಕೆನಡಾದಲ್ಲಿ 4 ಲಕ್ಷಕ್ಕೂ ಮಿಕ್ಕಿ ತಯಾರಾದ ಫೋರ್ಡ್, ಷೆವ್ರೊಲೆಟ್ ಬಂಡಿಗಳು ಜಗತ್ತಿನ ನಾನಾ ರಣರಂಗಗಳಲ್ಲಿ ಓಡಿದ್ದವು. ಇಲ್ಲಿ ಉಳಿದವು ಹರಾಜಾಗಿ ‘ಡಿಸ್ಪೋಸಲ್’ ಎಂಬ ಹೆಸರಿನಿಂದ ಖಾಸಗಿಯವರ ಕೈಸೇರಿ, ಬಸ್ಸಾಗಿಯೂ ಸರಕು ಲಾರಿಯಾಗಿಯೂ ಎರಡನೆಯ ಜನ್ಮ ತಾಳಿದವು. ಮುಂದೆ 1959ರಲ್ಲಿ ಜಬಲ್‌ಪುರದ ಕಾರ್ಖಾನೆಯಲ್ಲಿ ಜರ್ಮನಿಯ ಮಾನ್ ಕಂಪನಿಯ ಅನುಮತಿಯಿಂದ ‘ಶಕ್ತಿಮಾನ್’ ಲಾರಿಯ ತಯಾರಿಕೆ ಆರಂಭವಾಯಿತು. ಅದೂ ಕಾಲಕ್ರಮದಲ್ಲಿ ಮುಪ್ಪಾಗಿ ಸೇನೆಯಿಂದ ನಿವೃತ್ತಿ ಹೊಂದಿತು.

ಇಂಥ ಒಂದು ಹಳೆಯ ಲಾರಿಯನ್ನು ಅಭಿಮಾನಿಯೊಬ್ಬನು ಕೊಂಡು, ಹೊರೆ ಹೇರದೆ, ಬಾಡಿಗೆಗೂ ಬಿಡದೆ, ಕೇವಲ ಸಂತೋಷಕ್ಕಾಗಿ ಶಿಕಾರಿಪುರದಿಂದ ಸೊರಬಕ್ಕೆ ಓಡಿಸಬಯಸಿದನೆಂದು ಭಾವಿಸಬಹುದು. ಅವನಿಗೆ ಏನೇನು ಬೇಕು?

ಮೊದಲನೆಯದು ಲಾರಿಯ ಹೆಸರು. ಸೇನೆಯಲ್ಲಿರುವ ತನಕ ಅದರ ಹಲಗೆಯ ಮೇಲೆ ಮೇಲ್ಮುಖವಾದ ಬಾಣದ ಗುರುತಿನ ಸಂಖ್ಯೆ ಇರುತ್ತದೆ. ನಾಗರಿಕರ ನೋಂದಣಿ ಬೇಕಿಲ್ಲ. ರಕ್ಷಣೆಯ ಕೆಲಸದಿಂದ ಬಿಡುಗಡೆಯಾದ ಕ್ಷಣವೇ ಆ ವಿನಾಯಿತಿ ತೀರುತ್ತದೆ ಎಂದು 1988ರ ಮೋಟಾರು ವಾಹನ ಕಾಯಿದೆಯ 60ನೆಯ ಕಲಮು ಹೇಳುತ್ತದೆ. ಅನಂತರ ಅದು ಎಲ್ಲ ವಾಹನಗಳಂತೆ ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿ ಪಡೆಯಬೇಕು. ಶಿವಮೊಗ್ಗೆಯ ಸಂಖ್ಯೆ ಕೆಎ-14, ಸಾಗರದ್ದು ಕೆಎ-15. ಬಾಣವನ್ನು ಅಳಿಸಿ ಈ ಅಕ್ಷರಗಳನ್ನು ಬರೆಸದ ಹೊರತು ಲಾರಿಯು ಕೊಟ್ಟಿಗೆಯಿಂದ ಹೊರಡುವಂತಿಲ್ಲ.

ಎರಡನೆಯದು ತೂಕ. ‘ಇದು ನನ್ನ ಸ್ವಂತದ್ದು, ಸರಕು ಹೇರುವುದಿಲ್ಲ’ ಎಂಬ ಮಾತು ಇಲ್ಲಿ ನಡೆಯದು. ಸರಕು ಸಾಗಣೆಗೆಂದೇ ಕಟ್ಟಿದ ಬಂಡಿಯು ಬರಿದಾಗಿ ಓಡಿದರೂ ಸರಕು ವಾಹನವೇ. ಕಾನೂನು ನೋಡುವುದು ಒಡೆಯನ ಮನಸ್ಸನ್ನಲ್ಲ, ಬಂಡಿಯ ರಚನೆಯನ್ನು. ಹೊರೆಯೂ ಸೇರಿ ಒಟ್ಟು ತೂಕ 7,500 ಕಿಲೋಗ್ರಾಮ್ ಮೀರದಿದ್ದರೆ ಅದು ಲಘು ವಾಹನದ ಗುಂಪಿಗೆ ಸೇರುತ್ತದೆ. ಅದನ್ನು ಕಾರಿನ ಲೈಸೆನ್ಸಿನಲ್ಲಿಯೇ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು 2024ರ ನವೆಂಬರ್ 6ರಂದು ತೀರ್ಪಿತ್ತಿತು. ಆ ಗೆರೆ ದಾಟಿದರೆ ಮಧ್ಯಮ ವಾಹನ. 12,000 ಕಿಲೋಗ್ರಾಮ್ ದಾಟಿದರೆ ಭಾರೀ ವಾಹನ. ಹೀಗಾಗಿ ನೋಡುವುದಕ್ಕೆ ಅಣ್ಣತಮ್ಮಂದಿರಂತಿರುವ ಎರಡು ಮಿಲಿಟರಿ ಲಾರಿಗಳಲ್ಲಿ ಒಂದಕ್ಕೆ ಮನೆಯ ಕಾರಿನ ಲೈಸೆನ್ಸ್ ಸಾಕಾಗಿ, ಮತ್ತೊಂದಕ್ಕೆ ಸಾಲದೆ ಹೋಗಬಹುದು.

ದೊಡ್ಡ ಲಾರಿಯಾದರೆ ಚಾಲಕನಿಗೆ 20 ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾದರೂ ಆಗಿರಬೇಕು. ವೈದ್ಯರ ಪ್ರಮಾಣಪತ್ರ, ಚಾಲನಾ ಶಾಲೆಯ ಪತ್ರ ಬೇಕು. ಕಲಿಕೆಯ ಲೈಸೆನ್ಸ್ ಪಡೆದು ಪರೀಕ್ಷೆಯಲ್ಲಿ ಗೆಲ್ಲಬೇಕು. ಹೀಗೆ ದೊರೆತ ಅನುಮತಿಗೆ ಐದು ವರ್ಷಗಳ ಆಯುಷ್ಯ. ಎಂಟನೆಯ ತರಗತಿ ಓದಿರಬೇಕೆಂಬ ನಿಬಂಧನೆಯೊಂದು ಹಿಂದೆ ಇತ್ತು. 2019ರಲ್ಲಿ ಅದನ್ನು ತೆಗೆದುಹಾಕಲಾಯಿತು.

ಇಲ್ಲಿ ಮನಸ್ಸನ್ನು ತಟ್ಟುವ ಸಂಗತಿಯೊಂದಿದೆ. ಸೇನೆಯಲ್ಲಿ ಹದಿನೈದು, ಇಪ್ಪತ್ತು ವರ್ಷ ಹಿಮದ ದಾರಿಯಲ್ಲಿ ಲಾರಿ ನಡೆಸಿ, ಸೊರಬದ ಹಳ್ಳಿಯೊಂದಕ್ಕೆ ಮರಳಿದ ಯೋಧನ ಪಾಡೇನು? ಸೇನೆ ಕೊಡುವ ಲೈಸೆನ್ಸು ರಕ್ಷಣಾ ಕೆಲಸದ ಸರಕಾರಿ ವಾಹನಗಳಿಗೆ ಮಾತ್ರ ಸಲ್ಲುತ್ತದೆಂದು 18ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅದೇ ಲಾರಿ ಹರಾಜಾಗಿ, ಅದೇ ಚಾಲಕನ ಕೈಗೆ ಬಂದರೂ ಆ ಕಾಗದ ಅಲ್ಲಿ ನಡೆಯದು. ಆದರೆ ಕಾಯಿದೆ ಅವನ ಅನುಭವವನ್ನು ಕಡೆಗಣಿಸಿಲ್ಲ. ಸೇನೆಯ ಲೈಸೆನ್ಸಿನಲ್ಲಿ ಅದೇ ವರ್ಗದ ವಾಹನ ನಮೂದಾಗಿದ್ದು, ಅಂಗವೈಕಲ್ಯವಿಲ್ಲವೆಂಬ ಪುರಾವೆಯಿದ್ದರೆ, 9ನೆಯ ಕಲಮಿನ ಪ್ರಕಾರ ಅವನಿಗೆ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಉಂಟು. ನಿವೃತ್ತನ ಮನೆಯವರು ಆ ಹಳೆಯ ಕಾಗದವನ್ನು ಪದಕಗಳ ಜೊತೆಯಲ್ಲಿಯೇ ಜೋಪಾನವಾಗಿಡುವುದು ಲೇಸು.

ಪುರಾತನ ವಾಹನಗಳಿಗೆಂದು 2021ರ ಜುಲೈನಲ್ಲಿ ಕೇಂದ್ರ ಸರಕಾರವು ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಐವತ್ತು ವರ್ಷ ದಾಟಿ, ಮೂಲರೂಪ ಕೆಡದೆ ಉಳಿದವಕ್ಕೆ ‘ವಿಎ’ ಅಕ್ಷರಗಳುಳ್ಳ ಸಂಖ್ಯೆ. ಹೊಸ ನೋಂದಣಿಗೆ 20,000 ರೂಪಾಯಿ. ಹತ್ತು ವರ್ಷದ ಅವಧಿ. ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಗಳಲ್ಲಿ ಮಾತ್ರ ರಸ್ತೆಗಿಳಿಯಲು ಅನುಮತಿ. ಆದರೆ ಈ ಬಾಗಿಲು ತೆರೆದಿರುವುದು ದ್ವಿಚಕ್ರ ಮತ್ತು ನಾಲ್ಕು ಚಕ್ರದ ಸ್ವಂತ ಬಳಕೆಯ ವಾಹನಗಳಿಗೆ. ಯುದ್ಧ ಕಂಡ ಆರು ಚಕ್ರದ ಲಾರಿ ಹೊರಗೇ ನಿಲ್ಲಬೇಕು. ಅದರ ವಯಸ್ಸಿಗೆ ಸಿಗುವ ಮರ್ಯಾದೆಯೆಂದರೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆ! ಹಳೆಯ ಯಂತ್ರಗಳನ್ನು ಪ್ರೀತಿಸುವವರಿಗೆ ಇದು ನ್ಯಾಯವಾದ ಕೊರಗು. ಸರಿಯಾದ ಸ್ಥಾನವಿಲ್ಲದ ವಸ್ತು ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಗುಜರಿಗೆ ಹೋಗುತ್ತದೆ.

ಆದರೂ ಶಿರಾಳಕೊಪ್ಪ ದಾಟಿ ಸೊರಬದ ದಾರಿ ಹಿಡಿದವನಿಗೆ ಈ ಕಟ್ಟುನಿಟ್ಟಿನ ಕಾರಣ ತಾನಾಗಿ ತಿಳಿಯುತ್ತದೆ. ತಿರುವು, ಇಳಿಜಾರು, ಕೆರೆಯ ಏರಿ. ಮಳೆಗಾಲದಲ್ಲಿ ಜಾರುವ ಅಂಚು. ಶಾಲೆಯಿಂದ ಗುಂಪಾಗಿ ಮರಳುವ ಮಕ್ಕಳು, ಮೇವಿನ ಹೊರೆ ಹೊತ್ತ ಹೆಂಗಸರು. ಹಳೆಯ ಲಾರಿಯಲ್ಲಿ ಗೇರು ಬದಲಿಸಲು ಎರಡು ಸಲ ಕ್ಲಚ್ಚು ತುಳಿಯಬೇಕು; ಚಕ್ರ ತಿರುಗಿಸಲು ತೋಳಿನ ಬಲವೇ ಬೇಕು. ಅಮೆರಿಕದ ಲಾರಿಗೆ ಚಾಲಕನ ಆಸನ ಎಡಕ್ಕೆ. ನಮ್ಮಲ್ಲಿ ಅಂಥದನ್ನು ನಡೆಸಬೇಕಾದರೆ ಯಾಂತ್ರಿಕ ಅಥವಾ ವಿದ್ಯುತ್ ಸಂಜ್ಞೆಯ ಸಾಧನವಿರಲೇಬೇಕೆಂದು ಕಾಯಿದೆ ವಿಧಿಸುತ್ತದೆ. ಹುಚ್ಚರಾಯಸ್ವಾಮಿಯ ತೇರನ್ನೆಳೆಯಲು ನೂರು ಕೈಗಳು ಸೇರಿದರೂ ಅದನ್ನು ಹಿಡಿತದಲ್ಲಿಡಲು ಅನುಭವಿಗಳೇ ಚಕ್ರದ ಬಳಿ ನಿಲ್ಲಬೇಕಲ್ಲವೆ? ಭಾರವಾದುದನ್ನು ಓಡಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ.

ಸರಿಯಾದ ಲೈಸೆನ್ಸಿಲ್ಲದೆ ನಡೆಸಿದವನಿಗೂ, ನಡೆಸಲು ಬಿಟ್ಟ ಒಡೆಯನಿಗೂ ಐದೈದು ಸಾವಿರ ರೂಪಾಯಿ ದಂಡವುಂಟು. ದಂಡ ಚಿಕ್ಕದು. ಅಪಘಾತವಾದರೆ ವಿಮೆಯ ಕಂಪನಿಯು ನೊಂದವರಿಗೆ ಕೊಟ್ಟ ಪರಿಹಾರವನ್ನು ಒಡೆಯನಿಂದಲೇ ವಸೂಲು ಮಾಡಬಹುದು. ಆಗ ಒಂದು ದಿನದ ವಿನೋದಕ್ಕೆ ತೋಟವನ್ನೇ ಮಾರುವ ಪ್ರಸಂಗ ಬಂದೀತು.

ದಂಡಾವತಿಯ ದಂಡೆಯ ಸೊರಬವು ಗುಡಿಗಾರರ ಊರು. ಗಂಧದ ತುಂಡಿನಲ್ಲಿ ದೇವತೆಗಳನ್ನೂ ಬಳ್ಳಿಗಳನ್ನೂ ಅರಳಿಸುವ ಈ ಕುಶಲಿಗಳ ಕಲೆ ತಲೆಮಾರುಗಳದು. ಆದರೂ ಅವರು ಕೆತ್ತುವ ಗಂಧದ ಕೊರಡಿಗೆ ಲೆಕ್ಕವಿರಬೇಕು. ಕಳ್ಳಗಂಧದ ಮೇಲೆ ಎಂಥ ಕೈಚಳಕವೂ ಸಲ್ಲದು. ಹಳೆಯ ಲಾರಿಯನ್ನು ಮಮತೆಯಿಂದ ಉಳಿಸಿಕೊಂಡವನೂ ಆ ಊರನ್ನು ಪ್ರವೇಶಿಸುವ ಮುನ್ನ ನೋಂದಣಿ, ಫಿಟ್‌ನೆಸ್, ವಿಮೆ, ಲೈಸೆನ್ಸ್ ನಾಲ್ಕನ್ನೂ ಜೇಬಿನಲ್ಲಿಟ್ಟುಕೊಂಡು ಬಂದರೆ, ಬೀದಿಯ ಮಕ್ಕಳು ಭಯವಿಲ್ಲದೆ ಅದರ ಸುತ್ತ ನೆರೆದು ನೋಡಬಹುದು.