ಮೀನಿನ ತೊಟ್ಟಿ ಮತ್ತು ಮರೆತ ಪಾಠ

ಹರಿಹರದ ಶಾಲೆಯಲ್ಲಿದ್ದಾಗ, ತುಂಗಭದ್ರೆಯ ನೀರಿಗೆ ಉಪ್ಪು ಬೆರೆಸಿದೊಡನೆ ಬ್ಯಾಟರಿಯ ಪುಟ್ಟ ಬಲ್ಬು ಬೆಳಗುವುದನ್ನು ತೋರಿಸುತ್ತಿದ್ದೆ. ನನ್ನ ಶಿಷ್ಯರಿಗೆ ನೆನಪಿರಬಹುದು. ಆ ಪಾಠವನ್ನು ನಾನೇ ಮರೆತದ್ದು ನಿವೃತ್ತನಾದ ಮೇಲೆ, ದಾವಣಗೆರೆಯ ಮನೆಯಲ್ಲಿ.

ಮೊಮ್ಮಗನ ಆಸೆಗೆಂದು ಕಡಲ ಮೀನುಗಳ ಗಾಜಿನ ತೊಟ್ಟಿ ಇಟ್ಟಿದ್ದೆವು. ಲೀಟರು ನೀರಿಗೆ ಸುಮಾರು 35 ಗ್ರಾಂ ಉಪ್ಪು. ಒಂದು ಸಂಜೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೈ ಅದ್ದಿದಾಗ ತೋಳಿನುದ್ದಕ್ಕೂ ಜುಮ್ಮೆಂದಿತು. ಪಂಪಿನ ತಂತಿಯ ಹೊದಿಕೆ ಸೀಳಿತ್ತು. ಮೀನುಗಳು ಮಾತ್ರ ನಿಶ್ಚಿಂತೆಯಿಂದ ಈಜುತ್ತಿದ್ದವು! ಗಾಜಿನೊಳಗಿನ ವಿದ್ಯುತ್ತಿಗೆ ಭೂಮಿಗಿಳಿಯಲು ದಾರಿಯಿರಲಿಲ್ಲ. ತಂತಿಯ ಮೇಲೆ ಕುಳಿತ ಹಕ್ಕಿಯಂತೆ ಅವು ಕ್ಷೇಮವಾಗಿದ್ದವು. ದಾರಿಯಾದವನು ನಾನು.

ದಿನವೂ ಆ ನೀರಿಗೆ ಕೈಯಿಡುತ್ತಿದ್ದವನು ಏಳು ವರ್ಷದ ಮೊಮ್ಮಗ. ಅದನ್ನು ನೆನೆದು ಆ ರಾತ್ರಿ ನಿದ್ರೆ ಬರಲಿಲ್ಲ.

ಮರುದಿನವೇ ಪಂಪು ಬದಲಾಯಿಸಿ, ಅರ್ಥಿಂಗ್ ಸರಿಪಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆ. ವಿದ್ಯುತ್ತು ಸೋರಿದರೆ ಕಣ್ಣುಮಿಟುಕಿಸುವುದರೊಳಗೆ ಅದು ಸಂಪರ್ಕ ಕಡಿಯುತ್ತದೆ. ನೀವೂ ಹಾಕಿಸಿರಿ, ಆಗಾಗ ಅದರ ಟೆಸ್ಟ್ ಗುಂಡಿಯನ್ನು ಒತ್ತಿ ನೋಡಿರಿ. ತೊಟ್ಟಿಗೆ ಕೈಯಿಡುವ ಮುನ್ನ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡಿರಿ. ಮೀನು ಈಜುತ್ತಿದೆಯೆಂದು ನೀರನ್ನು ನಂಬಬೇಡಿರಿ. ನಿಮ್ಮ ಮೇಷ್ಟ್ರು ಹಾಗೆ ನಂಬಿದ್ದರು.